ಪಕ್ಷ ಬದಲಾದರೆ ಚಿಹ್ನೆ ಬದಲು!

2025ರ ಆಗಸ್ಟ್ ತಿಂಗಳ ಒಂದು ಭಾನುವಾರ. ಬೆಳಗಿನ ಕಾಫಿ ಮುಗಿಸಿ ಪತ್ರಿಕೆ ಬಿಡಿಸುತ್ತಿದ್ದೆ. ಬಸವೇಶ್ವರನಗರದ ನಮ್ಮ ಮನೆಯ ಮುಂದೆ ಆಟೋ ಒಂದು ಬಂದು ನಿಂತಿತು. ಇಳಿದವರು ತಂದೆ ಮತ್ತು ಮಗಳು. ತಂದೆ ಕಾಮಾಕ್ಷಿಪಾಳ್ಯದ ಆಟೋ ಚಾಲಕರು. ಮಗಳು ನಮ್ಮ ಶಾಲೆಯ ಕನ್ನಡ ಮಾಧ್ಯಮದಲ್ಲಿ ಮೂರು ವರ್ಷ ನನ್ನ ಪಾಠ ಕೇಳಿದವಳು. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನೂರಕ್ಕೆ 92. ಫಲಿತಾಂಶ ಬಂದ ದಿನ ಮೈಸೂರುಪಾಕು ತಂದುಕೊಟ್ಟು ನಮಸ್ಕಾರ ಮಾಡಿ ಹೋಗಿದ್ದಳು.

ಈ ಸಲ ಕೈಯಲ್ಲಿ ಸಿಹಿ ಇರಲಿಲ್ಲ. ಪ್ರಥಮ ಪಿಯುಸಿಯ ಮೊದಲ ಕಿರುಪರೀಕ್ಷೆಯ ಉತ್ತರಪತ್ರಿಕೆ ಇತ್ತು. ಗಣಿತದಲ್ಲಿ 50ಕ್ಕೆ 11.

“ಮೇಷ್ಟ್ರೇ, ಇವಳು ಸೈನ್ಸು ಬಿಟ್ಟು ಕಾಮರ್ಸ್‌ಗೆ ಹೋಗ್ತೀನಿ ಅಂತಾಳೆ. ಫೀಸೆಲ್ಲ ಕಟ್ಟಿ ಆಗಿದೆ. ನೀವೇ ಒಂದು ಮಾತು ಹೇಳಿ” ಎಂದರು ತಂದೆ. ಹುಡುಗಿ ನೆಲ ನೋಡುತ್ತಾ ನಿಂತಿದ್ದಳು.

ಮುಂದಿನದನ್ನು ಹೇಳುವ ಮುನ್ನ ಓದುಗರಿಗೆ ಒಂದು ಸೂಚನೆ. ಪುಸ್ತಕದಲ್ಲಿ ‘ಎಕ್ಸ್’ ಎಂದು ಬರೆಯುವ ಅವ್ಯಕ್ತ ಸಂಖ್ಯೆಯನ್ನು ಇಲ್ಲಿ ‘ಯ’ ಎಂದು ಬರೆಯುತ್ತೇನೆ. ಇದು ನನ್ನ ಕಲ್ಪನೆಯಲ್ಲ. ನಮ್ಮ ಪ್ರಾಚೀನ ಗಣಿತಜ್ಞರು ಗೊತ್ತಿಲ್ಲದ ಸಂಖ್ಯೆಯನ್ನು ‘ಯಾವತ್ ತಾವತ್’, ಅಂದರೆ ‘ಎಷ್ಟೋ ಅಷ್ಟು’, ಎಂದು ಕರೆದು ಅದರ ಮೊದಲ ಅಕ್ಷರವಾದ ‘ಯಾ’ ಬರೆಯುತ್ತಿದ್ದರು. ಎರಡನೆಯ ಅವ್ಯಕ್ತ ಬಂದರೆ ‘ಕಾಲಕ’, ಅಂದರೆ ಕಪ್ಪು, ಅದಕ್ಕೆ ‘ಕಾ’. ಆದ್ದರಿಂದ ‘ವೈ’ ಬದಲು ‘ಕ’ ಬರೆಯೋಣ.

ಉತ್ತರಪತ್ರಿಕೆಯಲ್ಲಿದ್ದ ಒಂದು ಲೆಕ್ಕ ಹೀಗಿತ್ತು: −2ಯ > 6 ಆದರೆ ಯ ಬೆಲೆ ಏನು? ಹುಡುಗಿ ಬರೆದದ್ದು: ಯ > −3. ಕೆಂಪು ಶಾಯಿಯಲ್ಲಿ ಅಡ್ಡಗೆರೆ ಬಿದ್ದಿತ್ತು.

“ಏನಮ್ಮಾ, ಯ ಬೆಲೆ ಸೊನ್ನೆ ಅಂದುಕೋ. ಸೊನ್ನೆ −3ಕ್ಕಿಂತ ದೊಡ್ಡದಲ್ಲವೇ? ನಿನ್ನ ಉತ್ತರದ ಪ್ರಕಾರ ಅದು ಸರಿಹೋಗಬೇಕು. ಲೆಕ್ಕದಲ್ಲಿ ಹಾಕಿ ನೋಡು” ಎಂದೆ.

ಹಾಕಿ ನೋಡಿದಳು. ಎಡಗಡೆ ಸೊನ್ನೆ ಬಂತು. ಸೊನ್ನೆ 6ಕ್ಕಿಂತ ದೊಡ್ಡದಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಮೆಲ್ಲಗೆ ಹೇಳಿದಳು: “ಸಾರ್, ಈ ಕಡೆ ಗುಣಿಸುತ್ತಾ ಇದ್ದದ್ದು ಆ ಕಡೆ ಹೋದರೆ ಭಾಗಿಸುತ್ತೆ ಅಂತ ನೀವೇ ಹೇಳಿಕೊಟ್ಟಿದ್ದಲ್ವಾ?”

ಹೌದು, ನಾನೇ ಹೇಳಿಕೊಟ್ಟದ್ದು. ಅವಳು ನನ್ನ ಸೂತ್ರವನ್ನು ಒಂದಕ್ಷರವೂ ತಪ್ಪದೆ ಪಾಲಿಸಿದ್ದಳು. ಪಾಲಿಸಿದ್ದಕ್ಕೇ ಉತ್ತರ ತಪ್ಪಾಗಿತ್ತು.

ತಕ್ಕಡಿಯನ್ನು ಮರೆತ ಮೇಷ್ಟರು

ಸಮೀಕರಣದಲ್ಲಿ ಒಂದು ಪದವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುವುದಕ್ಕೆ ಕನ್ನಡದ ಪಠ್ಯಗಳಲ್ಲಿ ‘ಪಕ್ಷಾಂತರ’ ಎಂಬ ಮಾತಿದೆ. ಎಂಟನೇ ತರಗತಿಯಲ್ಲಿ ಈ ಪಾಠ ಬಂದಾಗ ನಾನು ಪ್ರತಿ ವರ್ಷ ಹೇಳುತ್ತಿದ್ದ ಚಟಾಕಿ ಒಂದೇ: “ಪಕ್ಷ ಬದಲಾದರೆ ಚಿಹ್ನೆ ಬದಲು!” ಮಕ್ಕಳು ನಗುತ್ತಿದ್ದರು, ಮನೆಯಲ್ಲಿ ಅಪ್ಪ ಅಮ್ಮನಿಗೂ ಹೇಳಿ ನಗಿಸುತ್ತಿದ್ದರು. ಕೂಡಿದ್ದು ಕಳೆಯುತ್ತದೆ, ಕಳೆದದ್ದು ಕೂಡುತ್ತದೆ, ಗುಣಿಸಿದ್ದು ಭಾಗಿಸುತ್ತದೆ. ಹತ್ತನೇ ತರಗತಿಯ ಬಹುತೇಕ ಲೆಕ್ಕಗಳಿಗೆ ಅದು ಸಾಕಾಗುತ್ತಿತ್ತು. ಅಂಕಗಳೂ ಬರುತ್ತಿದ್ದವು. ಮುಖ್ಯೋಪಾಧ್ಯಾಯರಿಗೂ ಸಂತೋಷ, ನನಗೂ ಸಂತೋಷ.

ಆದರೆ ಪದಗಳಿಗೆ ಕಾಲಿಲ್ಲ; ಅವು ಎಲ್ಲಿಗೂ ಹೋಗುವುದಿಲ್ಲ. ನಿಜವಾಗಿ ನಡೆಯುವುದು ಬೇರೆ. ಸಮೀಕರಣವೆಂದರೆ ಸಮನಾಗಿ ನಿಂತ ತಕ್ಕಡಿ. ಒಂದು ತಟ್ಟೆಯಿಂದ ಅರ್ಧ ಕಿಲೋ ತೆಗೆದರೆ ಇನ್ನೊಂದು ತಟ್ಟೆಯಿಂದಲೂ ಅರ್ಧ ಕಿಲೋ ತೆಗೆಯಬೇಕು, ಇಲ್ಲವಾದರೆ ತಕ್ಕಡಿ ವಾಲುತ್ತದೆ. ಯ + 5 = 12 ಎಂಬಲ್ಲಿ 5 ಆ ಕಡೆಗೆ ಜಿಗಿಯಲಿಲ್ಲ. ಎರಡೂ ಕಡೆಯಿಂದ 5 ಕಳೆದೆವು, ಅಷ್ಟೇ. ಸಂತೆಯಲ್ಲಿ ಒಮ್ಮೆ ತಕ್ಕಡಿ ಹಿಡಿದವರಿಗೂ ಅರ್ಥವಾಗುವ ಸಂಗತಿ ಇದು.

ಇದು ಅರ್ಥವಾದ ಮಗುವಿಗೆ −2ಯ > 6 ಎಂಬುದೂ ಅರ್ಥವಾಗುತ್ತದೆ. ಇಲ್ಲಿ ತಕ್ಕಡಿ ಸಮನಾಗಿಲ್ಲ, ಒಂದು ಕಡೆಗೆ ವಾಲಿದೆ. ಎರಡೂ ಕಡೆಯನ್ನು ಋಣ ಸಂಖ್ಯೆಯಿಂದ ಭಾಗಿಸಿದರೆ ವಾಲಿದ ದಿಕ್ಕು ಏನಾಗುತ್ತದೆ ಎಂಬುದು ಪ್ರಶ್ನೆ. ಕೈಯಲ್ಲಿ 5 ರೂಪಾಯಿ ಇರುವವನು 3 ರೂಪಾಯಿ ಇರುವವನಿಗಿಂತ ಅನುಕೂಲವಂತ. ಆದರೆ 5 ರೂಪಾಯಿ ಸಾಲ ಇರುವವನು 3 ರೂಪಾಯಿ ಸಾಲ ಇರುವವನಿಗಿಂತ ಬಡವ. 5 > 3, ಆದರೆ −5 < −3. ಋಣದಿಂದ ಗುಣಿಸಿದರೂ ಭಾಗಿಸಿದರೂ ದೊಡ್ಡದು ಚಿಕ್ಕದಾಗುತ್ತದೆ. ಹಾಗಾಗಿ ಸರಿಯಾದ ಉತ್ತರ ಯ < −3. ‘ಆ ಕಡೆ ಹೋದರೆ’ ಎಂಬ ಸೂತ್ರದಲ್ಲಿ ಈ ವಿಷಯಕ್ಕೆ ಜಾಗವೇ ಇಲ್ಲ. ಪ್ರಥಮ ಪಿಯುಸಿಯ ‘ರೇಖಾತ್ಮಕ ಅಸಮತೆಗಳು’ ಅಧ್ಯಾಯದ ಬಾಗಿಲಲ್ಲೇ ಆ ಸೂತ್ರ ಮುಗ್ಗರಿಸುತ್ತದೆ.

ಪಿಯುಸಿಯಲ್ಲಿ ಹೊಸದೆಷ್ಟು, ಹಳೆಯದೆಷ್ಟು?

ಪಿಯುಸಿ ಗಣಿತ ಎಂದರೆ ಹೊಸ ಲೋಕ, ಅಲ್ಲಿ ಎಲ್ಲವೂ ಅಪರಿಚಿತ ಎಂಬ ಭಯ ಮಕ್ಕಳಲ್ಲಿದೆ. ನಮ್ಮ ರಾಜ್ಯದ ಪಿಯು ವಿಜ್ಞಾನ ವಿಭಾಗದಲ್ಲಿ 2012-13ರಿಂದ ಎನ್‌ಸಿಇಆರ್‌ಟಿ ಪಠ್ಯ ಬಂದಿದೆ. ಆ ಪುಸ್ತಕ ತೆರೆದು ನೋಡಿ. ಗಣಗಳು, ಫಲನಗಳು, ತ್ರಿಕೋನಮಿತಿ, ಸಂಕೀರ್ಣ ಸಂಖ್ಯೆಗಳು, ಕ್ರಮಯೋಜನೆ ಮತ್ತು ವಿಕಲ್ಪ, ದ್ವಿಪದ ಪ್ರಮೇಯ, ಸರಳರೇಖೆ, ಶಂಕುಜಗಳು, ಲಿಮಿಟ್ ಮತ್ತು ಡಿರೈವೇಟಿವ್. ಹೆಸರುಗಳು ಹೊಸವು, ನಿಜ. ಆದರೆ ಒಂದು ಲೆಕ್ಕವನ್ನು ಸಾಲು ಸಾಲಾಗಿ ಬಿಡಿಸುತ್ತಾ ಹೋದರೆ ಹೊಸ ವಿಚಾರ ಇರುವುದು ಒಂದೋ ಎರಡೋ ಸಾಲಿನಲ್ಲಿ. ಮಿಕ್ಕದ್ದೆಲ್ಲ ಎಂಟು, ಒಂಬತ್ತು, ಹತ್ತನೇ ತರಗತಿಯ ಬೀಜಗಣಿತ.

ಒಂದು ಉದಾಹರಣೆ. ಯ ಎಂಬುದು 3ಕ್ಕೆ ತೀರ ಹತ್ತಿರ ಬಂದಾಗ (ಯ² − 9)/(ಯ − 3) ಯಾವ ಬೆಲೆಗೆ ಹತ್ತಿರವಾಗುತ್ತದೆ? ನೇರವಾಗಿ 3 ಹಾಕಿದರೆ ಸೊನ್ನೆಯ ಕೆಳಗೆ ಸೊನ್ನೆ ಬಂದು ಕೂರುತ್ತದೆ. ದಾರಿ ಯಾವುದು? ಅಂಶವನ್ನು ಅಪವರ್ತಿಸಿದರೆ (ಯ − 3)(ಯ + 3). ಛೇದದ ಯ − 3 ಜೊತೆ ಹೊಡೆದುಹೋಗಿ ಉಳಿಯುವುದು ಯ + 3. ಯ ಬೆಲೆ 2.9 ಆದರೆ ಇದು 5.9, 3.01 ಆದರೆ 6.01. ಉತ್ತರ 6. ಇಲ್ಲಿ ‘ಹತ್ತಿರ ಬರುವುದು’ ಎಂಬ ಒಂದೇ ವಿಚಾರ ಪಿಯುಸಿಯದು. ಅಪವರ್ತನ ಹಳೆಯ ಪಾಠ. ಹುಡುಗ ಮುಗ್ಗರಿಸುವುದು ಹಳೆಯ ಪಾಠದಲ್ಲಿ, ಹೆದರುವುದು ಹೊಸ ಪಾಠಕ್ಕೆ.

ಇನ್ನೊಂದು. ಯ² + ಕ² − 6ಯ + 8ಕ = 0 ಎಂಬ ವೃತ್ತದ ಕೇಂದ್ರ ಎಲ್ಲಿದೆ? ಸೂತ್ರ ಬಾಯಿಪಾಠ ಮಾಡಿದವರು ಎರಡು ತಿಂಗಳಲ್ಲಿ ಮರೆಯುತ್ತಾರೆ. ವರ್ಗ ಪೂರ್ಣಗೊಳಿಸಲು ಬಲ್ಲವರು (ಯ − 3)² + (ಕ + 4)² = 25 ಎಂದು ಬರೆದು, ಕೇಂದ್ರ (3, −4), ತ್ರಿಜ್ಯ 5 ಎಂದು ಓದಿ ಹೇಳುತ್ತಾರೆ.

ಸಂಕೀರ್ಣ ಸಂಖ್ಯೆ ಎಂದರೆ ಮಕ್ಕಳು ಬೆಚ್ಚುತ್ತಾರೆ. ಅವರಿಗೆ ನಾನು ನಮ್ಮ ನಾಡಿನ ಮಹಾವೀರಾಚಾರ್ಯನ ಕಥೆ ಹೇಳುತ್ತೇನೆ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಈ ಜೈನ ಗಣಿತಜ್ಞ ‘ಗಣಿತಸಾರಸಂಗ್ರಹ’ ಬರೆದ. ಮದರಾಸಿನಲ್ಲಿ ಎಂ. ರಂಗಾಚಾರ್ಯರು 1912ರಲ್ಲಿ ಅದನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಋಣ ಸಂಖ್ಯೆ ಯಾವುದರ ವರ್ಗವೂ ಅಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಅವನು ಸ್ಪಷ್ಟವಾಗಿ ಹೇಳಿದ್ದಾನೆ. ಪಿಯುಸಿಯ ಅಧ್ಯಾಯ ಶುರುವಾಗುವುದು ಅವನು ನಿಲ್ಲಿಸಿದ ಜಾಗದಿಂದ. ‘ಇದ್ದರೆ ಏನಾಗುತ್ತದೆ?’ ಎಂದು ಹದಿನಾರನೆಯ ಶತಮಾನದಲ್ಲಿ ಇಟಲಿಯವರು ಕೇಳಿದರು. ಆರು ರುಚಿಗಳಲ್ಲಿ ಒಂದೊಂದಾಗಿ, ಎರಡೆರಡಾಗಿ, ಮೂರು ಮೂರಾಗಿ ಎಷ್ಟು ಬಗೆಯಲ್ಲಿ ಬೆರೆಸಬಹುದು ಎಂಬ ಲೆಕ್ಕವೂ ಮಹಾವೀರನಲ್ಲಿದೆ. ಅದೇ ಇಂದಿನ ‘ವಿಕಲ್ಪ’ ಪಾಠ. ಒಟ್ಟು 63 ಬಗೆ. ಯುಗಾದಿಯ ಬೇವು ಬೆಲ್ಲ ಅವುಗಳಲ್ಲಿ ಒಂದು.

ಪತ್ರಿಕೆಯಲ್ಲಿ ಕಂಡ ತಪ್ಪುಗಳು

ಆ ಹುಡುಗಿಯ ಉತ್ತರಪತ್ರಿಕೆಯಲ್ಲಿ ಕಳೆದುಹೋದ 39 ಅಂಕಗಳನ್ನು ಒಂದೊಂದಾಗಿ ಹುಡುಕಿದೆವು. ಪಿಯುಸಿಯ ಹೊಸ ವಿಚಾರ ತಿಳಿಯದೆ ಹೋದದ್ದು ಹತ್ತೋ ಹನ್ನೆರಡೋ. ಉಳಿದವು ಈ ಐದು ಬಗೆಯ ತಪ್ಪುಗಳಿಂದ ಹೋಗಿದ್ದವು. ನನ್ನ ಅನುಭವದಲ್ಲಿ ಬಹಳಷ್ಟು ಮಕ್ಕಳು ಮಾಡುವ ತಪ್ಪುಗಳೂ ಇವೇ.

ಒಂದು: (ಅ + ಬ)² = ಅ² + ಬ² ಎಂದು ಬರೆಯುವುದು. ಅ ಬದಲು 3, ಬ ಬದಲು 4 ಹಾಕಿ. ಎಡಗಡೆ 49, ಬಲಗಡೆ 25. ನಡುವಿನ 2ಅಬ, ಅಂದರೆ 24, ಕಾಣೆಯಾಗಿದೆ.

ಎರಡು: ವರ್ಗಮೂಲವನ್ನು ಹಂಚುವುದು. √(9 + 16) ಎಂದರೆ 3 + 4 = 7 ಅಲ್ಲ. ಅದು √25, ಅಂದರೆ 5.

ಮೂರು: ಮೇಲಿನದನ್ನೂ ಕೆಳಗಿನದನ್ನೂ ಕಂಡಲ್ಲಿ ಹೊಡೆದುಹಾಕುವುದು. (ಯ + 6)/ಯ ಎಂಬಲ್ಲಿ ಯ ಹೊಡೆದು 6 ಎಂದು ಬರೆಯುತ್ತಾರೆ. ಯ ಬದಲು 2 ಹಾಕಿ ನೋಡಿ: 8/2 = 4. ಗುಣಿಸಿರುವುದನ್ನು ಹೊಡೆಯಬಹುದು, ಕೂಡಿರುವುದನ್ನು ಹೊಡೆಯಲಾಗದು.

ನಾಲ್ಕು: 1/ಅ + 1/ಬ = 1/(ಅ + ಬ) ಎಂದು ಬರೆಯುವುದು. ಅರ್ಧ ರೊಟ್ಟಿಗೆ ಅರ್ಧ ರೊಟ್ಟಿ ಸೇರಿಸಿದರೆ ಒಂದು ರೊಟ್ಟಿ, ಕಾಲು ರೊಟ್ಟಿಯಲ್ಲ.

ಐದು: ಯ² = 5ಯ ಎಂಬಲ್ಲಿ ಎರಡೂ ಕಡೆ ಯ ಹೊಡೆದು ಯ = 5 ಎನ್ನುವುದು. ಯ = 0 ಕೂಡ ಸರಿಯಾದ ಉತ್ತರವೇ. ಯ ಸೊನ್ನೆಯಾಗಿರಬಹುದಾದಾಗ ಅದರಿಂದ ಭಾಗಿಸುವಂತಿಲ್ಲ. ಎಲ್ಲವನ್ನೂ ಒಂದು ಕಡೆ ತಂದು ಯ(ಯ − 5) = 0 ಎಂದು ಅಪವರ್ತಿಸಿದರೆ ಎರಡು ಉತ್ತರಗಳೂ ಸಿಗುತ್ತವೆ.

ಈ ಐದರಲ್ಲೂ ಒಂದು ಸಮಾನ ಅಂಶವಿದೆ. ಅಕ್ಷರದ ಬದಲು ಒಂದು ಚಿಕ್ಕ ಸಂಖ್ಯೆ ಹಾಕಿ ನೋಡಿದ್ದರೆ ಮಗುವೇ ತನ್ನ ತಪ್ಪನ್ನು ಹಿಡಿಯಬಹುದಿತ್ತು. ಆ ಅಭ್ಯಾಸವನ್ನು ನಾವು ಕಲಿಸಿಲ್ಲ. ಉತ್ತರ ಸರಿಯೋ ತಪ್ಪೋ ಎಂದು ಹೇಳುವವರು ಮೇಷ್ಟರು ಅಥವಾ ಗೈಡಿನ ಕೊನೆಯ ಪುಟ ಎಂದೇ ಮಕ್ಕಳು ನಂಬಿದ್ದಾರೆ. ಅಕ್ಷರವೆಂದರೆ ಯಾವುದೋ ಒಂದು ಸಂಖ್ಯೆ ಎಂಬುದೇ ಮರೆತುಹೋಗಿದೆ.

ಆಟೋ ಮೀಟರಿನ ಬೀಜಗಣಿತ

ಹುಡುಗಿ ಅಷ್ಟರಲ್ಲಿ ಸ್ವಲ್ಪ ಹಗುರಾಗಿದ್ದಳು. ಹೊರಗೆ ನಿಂತಿದ್ದ ಆಟೋ ನೋಡಿ ಒಂದು ಲೆಕ್ಕ ಹೊಳೆಯಿತು. ಆ ತಿಂಗಳ 1ರಿಂದಲೇ ಬೆಂಗಳೂರಿನಲ್ಲಿ ಹೊಸ ಆಟೋ ದರ ಜಾರಿಗೆ ಬಂದಿತ್ತು: ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ನಂತರದ ಪ್ರತಿ ಕಿಲೋಮೀಟರಿಗೆ 18 ರೂಪಾಯಿ. “ಯ ಕಿಲೋಮೀಟರ್ ಹೋದರೆ ಎಷ್ಟಾಗುತ್ತದೆ, ಬರಿ” ಎಂದೆ. ಯ ಎರಡಕ್ಕಿಂತ ಹೆಚ್ಚು ಎಂದಿಟ್ಟುಕೊಂಡು ಅವಳು ಬರೆದಳು:

36 + 18(ಯ − 2)

“ಆವರಣ ಬಿಡಿಸು.”

36 + 18ಯ − 36. ಎರಡು 36ಗಳು ಹೊಡೆದುಹೋದವು. ಉಳಿದದ್ದು 18ಯ.

ಹುಡುಗಿ ಕಣ್ಣರಳಿಸಿದಳು. “ಅಂದರೆ ಎರಡು ಕಿಲೋಮೀಟರ್ ದಾಟಿದರೆ ಪೂರ್ತಿ ದೂರಕ್ಕೂ ಕಿಲೋಮೀಟರಿಗೆ 18 ರೂಪಾಯಿಯೇ!”

ಅವಳ ತಂದೆ ನಕ್ಕುಬಿಟ್ಟರು. “ಅದರಲ್ಲೇನಿದೆ ಮೇಷ್ಟ್ರೇ? ಮೊದಲು 30, 15 ಇದ್ದಾಗಲೂ ಹಾಗೇ ಅಲ್ವಾ? ಆರು ಕಿಲೋಮೀಟರ್ ಅಂದರೆ ಆರು ಹದಿನೈದಲ ತೊಂಬತ್ತು.” 2021ರ ಡಿಸೆಂಬರಿನಲ್ಲಿ ಬಂದ ಹಿಂದಿನ ದರ ಅದು: 2 ಕಿಲೋಮೀಟರಿಗೆ 30, ಮುಂದೆ ಕಿಲೋಮೀಟರಿಗೆ 15. ಅಲ್ಲೂ 30 + 15(ಯ − 2) ಎಂದರೆ 15ಯ.

ಪಿಯುಸಿಯ ಎರಡನೆಯ ಅಧ್ಯಾಯದಲ್ಲಿ ಬರುವ ಫಲನ ಎಂದರೆ ಇದೇ. ದೂರ ಕೊಟ್ಟರೆ ಬಾಡಿಗೆ ಸಿಗುತ್ತದೆ. 2 ಕಿಲೋಮೀಟರಿನವರೆಗೆ ಒಂದು ನಿಯಮ, ಆಮೇಲೆ ಇನ್ನೊಂದು. ತಂದೆ ದಿನವೂ ಬಳಸುವ ಲೆಕ್ಕಕ್ಕೂ ಮಗಳು ಹೆದರುತ್ತಿದ್ದ ಅಧ್ಯಾಯಕ್ಕೂ ನಡುವೆ ಇದ್ದದ್ದು ಆವರಣ ಬಿಡಿಸುವ ಒಂದು ಸಾಲು. ಸುಲಭೀಕರಿಸುವುದು ಅಂಕಕ್ಕಾಗಿ ಮಾಡುವ ಕಸರತ್ತಲ್ಲ. ಉದ್ದದ ಮಾತಿನೊಳಗೆ ಅಡಗಿದ್ದ ಸತ್ಯ ಅದರಿಂದ ಕಣ್ಣಿಗೆ ಬೀಳುತ್ತದೆ.

ರಜೆಯ ಆರು ವಾರ

ಹತ್ತನೇ ತರಗತಿಯ ಪರೀಕ್ಷೆ ಮುಗಿದು ಕಾಲೇಜು ಶುರುವಾಗುವವರೆಗೆ ಸುಮಾರು ಎರಡು ತಿಂಗಳು ಸಿಗುತ್ತದೆ. ವಿಜಯನಗರ, ರಾಜಾಜಿನಗರದ ಮುಖ್ಯರಸ್ತೆಗಳಲ್ಲಿ ನಡೆದರೆ ಆ ಎರಡು ತಿಂಗಳನ್ನು ಕೊಂಡುಕೊಳ್ಳಲು ಕಾದಿರುವ ಫಲಕಗಳು ಸಾಲಾಗಿ ಕಾಣುತ್ತವೆ. ಪಿಯುಸಿ ಪಾಠವನ್ನು ಏಪ್ರಿಲ್‌ನಲ್ಲೇ ಶುರುಮಾಡುತ್ತೇವೆ ಎಂಬುದು ಅಲ್ಲಿನ ಭರವಸೆ. ಒಳ್ಳೆಯ ತರಗತಿಗಳೂ ಇರಬಹುದು. ಆದರೆ ತಳಪಾಯ ಬಿರುಕು ಬಿಟ್ಟಿರುವಾಗ ಎರಡನೆಯ ಮಹಡಿಯನ್ನು ಎರಡು ತಿಂಗಳು ಮೊದಲೇ ಕಟ್ಟಿ ಲಾಭವೇನು? ಮೊದಲು ಕೆಳಗಿನದನ್ನು ಗಟ್ಟಿ ಮಾಡಿ. ಅದಕ್ಕೆ ಬೇಕಾದದ್ದು ಎಂಟರಿಂದ ಹತ್ತನೇ ತರಗತಿಯ ಹಳೆಯ ಪುಸ್ತಕಗಳು, ಒಂದು ಇನ್ನೂರು ಪುಟದ ನೋಟ್‌ಬುಕ್, ದಿನಕ್ಕೆ ಒಂದು ಗಂಟೆ. ರಜೆಯ ಉಳಿದ ಸಮಯ ಆಟಕ್ಕೆ, ಅಜ್ಜಿಯ ಊರಿಗೆ.

ಮೊದಲ ವಾರ: ಭಿನ್ನರಾಶಿ ಮತ್ತು ಚಿಹ್ನೆಗಳು. ಮೊದಲು ಸಂಖ್ಯೆಗಳಲ್ಲಿ, ಆಮೇಲೆ ಅದೇ ಲೆಕ್ಕ ಅಕ್ಷರಗಳಲ್ಲಿ. ಕ್ಯಾಲ್ಕುಲೇಟರ್ ಮುಟ್ಟಬಾರದು.

ಎರಡನೆಯ ವಾರ: ನಿತ್ಯಸಮೀಕರಣಗಳು. ಬಿಡಿಸುವುದನ್ನೂ ಮರಳಿ ಅಪವರ್ತಿಸುವುದನ್ನೂ ಎರಡು ದಿಕ್ಕಿನಲ್ಲಿ ಅಭ್ಯಾಸ ಮಾಡಿ. ಒಂಬತ್ತನೇ ತರಗತಿಯ ಅ³ + ಬ³, ಅ³ − ಬ³ ಬಿಡಬೇಡಿ.

ಮೂರನೆಯ ವಾರ: ಘಾತಾಂಕಗಳು, ಕರಣಿಗಳು, ಛೇದವನ್ನು ಅಕರಣೀಯಗೊಳಿಸುವುದು. ಲಿಮಿಟ್ ಪಾಠದಲ್ಲಿ ಇದು ನೇರವಾಗಿ ಬರುತ್ತದೆ.

ನಾಲ್ಕನೆಯ ವಾರ: ರೇಖಾತ್ಮಕ ಸಮೀಕರಣ ಮತ್ತು ಅಸಮತೆ. ಪ್ರತಿ ಸಾಲಿನ ಪಕ್ಕದಲ್ಲಿ ‘ಎರಡೂ ಕಡೆ ಏನು ಮಾಡಿದೆ’ ಎಂದು ಬರೆಯಿರಿ. ಗ್ರಾಫ್ ಹಾಳೆಯಲ್ಲಿ ರೇಖೆಗಳನ್ನು ಕೈಯಲ್ಲೇ ಎಳೆಯಿರಿ.

ಐದನೆಯ ವಾರ: ವರ್ಗ ಸಮೀಕರಣ. ವರ್ಗ ಪೂರ್ಣಗೊಳಿಸಿ, ಸೂತ್ರ ಎಲ್ಲಿಂದ ಬಂತೆಂದು ಒಮ್ಮೆ ನೀವೇ ಸಾಧಿಸಿ. ಸಾಧಿಸಿದವರಿಗೆ ಸೂತ್ರ ಮರೆತರೂ ಭಯವಿಲ್ಲ.

ಆರನೆಯ ವಾರ: ಮಾತಿನ ಲೆಕ್ಕಗಳು, ಮತ್ತು ಒಂದು ಅಕ್ಷರದ ಬದಲು ಇನ್ನೊಂದು ಉಕ್ತಿಯನ್ನು ಹಾಕುವ ಅಭ್ಯಾಸ. ಮನೆಯ ನೀರಿನ ಬಿಲ್ಲು, ವಿದ್ಯುತ್ ಬಿಲ್ಲು, ಬಸ್ ಟಿಕೆಟ್, ಎಲ್ಲದರಲ್ಲೂ ಒಂದೊಂದು ಉಕ್ತಿ ಇದೆ.

ಪ್ರತಿ ದಿನದ ಕೊನೆಯ ಐದು ನಿಮಿಷ ಉತ್ತರಗಳನ್ನು ಸಂಖ್ಯೆ ಹಾಕಿ ತಾಳೆ ನೋಡುವುದಕ್ಕೆ ಮೀಸಲು. ನೂರು ಲೆಕ್ಕ ಮಾಡಿ ತಾಳೆ ನೋಡದವನಿಗಿಂತ ಇಪ್ಪತ್ತು ಮಾಡಿ ತಾಳೆ ನೋಡಿದವನು ಮುಂದೆ ಹೋಗುತ್ತಾನೆ. ಮುಂದೆ ಸಿಇಟಿ ಗಣಿತದಲ್ಲಿ 60 ಪ್ರಶ್ನೆಗಳಿಗೆ 80 ನಿಮಿಷ. ಅಂದರೆ ಪ್ರಶ್ನೆಗೆ 80 ಸೆಕೆಂಡ್. ಅಪವರ್ತನ ಹೇಗೆ ಮಾಡುವುದು ಎಂದು ಅಲ್ಲಿ ಕೂತು ನೆನೆಯಲು ಸಮಯವಿರುವುದಿಲ್ಲ.

ಕನ್ನಡ ಮಾಧ್ಯಮದವರಿಗೆ

ಆ ಹುಡುಗಿಯ ಹತ್ತೋ ಹನ್ನೆರಡೋ ಅಂಕಗಳು ಹೋದದ್ದು ಹೊಸ ವಿಚಾರದಿಂದ ಎಂದೆನಲ್ಲ, ಅವುಗಳಲ್ಲೂ ಕೆಲವು ಪದಗಳ ಪಾಲು. ‘ಕೋಎಫಿಷಿಯೆಂಟ್’ ಕಂಡುಹಿಡಿ ಎಂದಿತ್ತು. ಸಹಗುಣಕ ಎಂದಿದ್ದರೆ ಅವಳು ನಿದ್ದೆಗಣ್ಣಲ್ಲೂ ಹೇಳುತ್ತಿದ್ದಳು. ನಾನೂ ಹಳ್ಳಿಯ ಕನ್ನಡ ಶಾಲೆಯಿಂದ ಬಂದು ಪಿಯುಸಿಯ ಮೊದಲ ತಿಂಗಳು ಬಾಯಿ ಬಿಡದೆ ಕೂತವನು. ಆ ಸಂಕಟ ಗೊತ್ತು.

ಇದಕ್ಕೆ ಮದ್ದು ಸುಲಭ. ಒಂದು ಪುಟದ ಪಟ್ಟಿ ಮಾಡಿ ಮೇಜಿನ ಎದುರು ಅಂಟಿಸಿ. ಅಂಶ ಎಂದರೆ ನ್ಯೂಮರೇಟರ್, ಛೇದ ಎಂದರೆ ಡಿನಾಮಿನೇಟರ್. ಅಪವರ್ತನ ಫ್ಯಾಕ್ಟರೈಸೇಷನ್, ಬಹುಪದೋಕ್ತಿ ಪಾಲಿನೋಮಿಯಲ್, ಮೂಲ ರೂಟ್, ಶೋಧಕ ಡಿಸ್ಕ್ರಿಮಿನೆಂಟ್, ಘಾತ ಪವರ್, ಅಸಮತೆ ಇನ್‌ಈಕ್ವಾಲಿಟಿ, ಶ್ರೇಢಿ ಪ್ರೋಗ್ರೆಷನ್. ನೂರು ಪದ ಸಾಕು. ಅರವತ್ತು ನಿಮಗೆ ಕನ್ನಡದಲ್ಲಿ ಆಗಲೇ ಗೊತ್ತು. ಹನ್ನೆರಡನೆಯ ಶತಮಾನದಲ್ಲೇ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ಬರೆದ ನಾಡು ನಮ್ಮದು. ಕನ್ನಡದಲ್ಲಿ ಕಲಿತ ಗಣಿತ ಕಡಿಮೆ ಗಣಿತವಲ್ಲ. ಅದರ ಹೆಸರುಪಟ್ಟಿ ಮಾತ್ರ ಬೇರೆ.

ತಂದೆ ತಾಯಿಯರಿಗೆ

ಮೊದಲ ಕಿರುಪರೀಕ್ಷೆಯ ಅಂಕ ನೋಡಿ ಮಗುವಿನ ಹಣೆಬರಹ ಓದಬೇಡಿ. “92 ತೆಗೆದವಳು 11ಕ್ಕೆ ಇಳಿದಳೇ, ಮೊಬೈಲ್ ಹಿಡಿದಿರಬೇಕು” ಎಂದು ಬೈಯುವ ಮುನ್ನ ಉತ್ತರಪತ್ರಿಕೆಯನ್ನು ಅಧ್ಯಾಪಕರ ಬಳಿ ಒಯ್ದು ಒಂದೇ ಪ್ರಶ್ನೆ ಕೇಳಿ: ಈ ಅಂಕಗಳು ಹೊಸ ಪಾಠದಲ್ಲಿ ಹೋದವೋ, ಹಳೆಯ ಪಾಠದಲ್ಲಿ ಹೋದವೋ? ಉತ್ತರ ‘ಹಳೆಯದರಲ್ಲಿ’ ಎಂದಾದರೆ ಎರಡು ಮೂರು ತಿಂಗಳಲ್ಲಿ ಸರಿಪಡಿಸಬಹುದಾದ ವಿಷಯ ಅದು.

ಕಾಮರ್ಸ್ ತೆಗೆದುಕೊಳ್ಳುವುದು ಸೋಲಲ್ಲ. ಇಷ್ಟಪಟ್ಟು ಹೋಗುವವರು ಸಂತೋಷವಾಗಿ ಹೋಗಲಿ. ಅಲ್ಲಿಯೂ ಬೇಸಿಕ್ ಮ್ಯಾಥ್ಸ್ ತೆಗೆದುಕೊಂಡರೆ ಇದೇ ಬೀಜಗಣಿತ ಎದುರಾಗುತ್ತದೆ. ಆದರೆ ನರ್ಸಿಂಗೋ ಎಂಜಿನಿಯರಿಂಗೋ ಬಿಎಸ್ಸಿಯೋ ಬೇಕೆಂದು ಆಸೆಪಟ್ಟ ಹುಡುಗಿ, ಆವರಣದ ಮುಂದಿನ ಒಂದು ಋಣ ಚಿಹ್ನೆಗೆ ಹೆದರಿ ದಾರಿ ಬದಲಿಸುವುದು ಬೇಡ.

ಆ ಹುಡುಗಿ ದಾರಿ ಬದಲಿಸಲಿಲ್ಲ. ಹತ್ತು ಭಾನುವಾರ ಬೆಳಿಗ್ಗೆ ಬಂದಳು. ನಾವು ಪಿಯುಸಿ ಪುಸ್ತಕ ಮುಟ್ಟಲಿಲ್ಲ. ಎಂಟನೇ ತರಗತಿಯಿಂದ ಶುರುಮಾಡಿದೆವು. ಮೊದಲ ದಿನ ನಾಚಿಕೆಪಟ್ಟಳು. ನಾಚಿಕೆಪಡಬೇಕಾದವನು ನಾನು ಎಂದೆ. ನವೆಂಬರಿನ ಪರೀಕ್ಷೆಯಲ್ಲಿ 50ಕ್ಕೆ 31 ಬಂತು. ಪವಾಡವೇನಲ್ಲ. ಆದರೆ ಆ 31ನ್ನು ಅವಳು ಬಾಯಿಪಾಠದಿಂದ ತೆಗೆದದ್ದಲ್ಲ. ಪ್ರತಿ ಲೆಕ್ಕದ ಪಕ್ಕದಲ್ಲೂ ಪೆನ್ಸಿಲಿನಲ್ಲಿ ಸಣ್ಣದಾಗಿ ಸಂಖ್ಯೆ ಹಾಕಿ ತಾಳೆ ನೋಡಿದ ಗುರುತಿತ್ತು.

ಪಕ್ಷಾಂತರದ ಚಟಾಕಿಯನ್ನು ನಾನು ಈಗಲೂ ಹೇಳುತ್ತೇನೆ. ಆದರೆ ತಕ್ಕಡಿ ತೂಗಿ ತೋರಿಸಿದ ಮೇಲೆ.

ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಿ

ಈ ಹತ್ತು ಲೆಕ್ಕಗಳಿಗೆ ಅರ್ಧ ಗಂಟೆ. ಪುಸ್ತಕ, ಮೊಬೈಲ್, ಅಣ್ಣಂದಿರ ಸಹಾಯ ಬೇಡ.

1. 2/3 − (3/4 ÷ 1/2) ಎಷ್ಟು?
2. (ಯ − 5)² ಬಿಡಿಸಿ ಬರೆಯಿರಿ.
3. ಯ² − ಯ − 12 ಅಪವರ್ತಿಸಿ.
4. (ಯ² − 9)/(ಯ² + 3ಯ) ಸುಲಭೀಕರಿಸಿ.
5. 1/ಯ − 1/(ಯ + 1) ಒಂದೇ ಭಿನ್ನರಾಶಿಯಾಗಿ ಬರೆಯಿರಿ.
6. ಯ² = 7ಯ ಬಿಡಿಸಿ.
7. 3 − 2ಯ ≤ 11 ಬಿಡಿಸಿ.
8. 1/(√5 − 2) ಛೇದವನ್ನು ಅಕರಣೀಯಗೊಳಿಸಿ.
9. ಯ² − 3ಯ ಎಂಬಲ್ಲಿ ಯ ಬದಲು ಯ + 2 ಹಾಕಿ ಸುಲಭೀಕರಿಸಿ.
10. ಯ² + 6ಯ + 2 ಎಂಬುದನ್ನು ಒಂದು ಪೂರ್ಣ ವರ್ಗ ಮತ್ತು ಒಂದು ಸಂಖ್ಯೆಯಾಗಿ ಬರೆಯಿರಿ.

ಎಂಟು ಅಥವಾ ಹೆಚ್ಚು ಸರಿಯಾದರೆ ನಿಶ್ಚಿಂತೆಯಿಂದ ಪಿಯುಸಿ ಪುಸ್ತಕ ತೆರೆಯಿರಿ. ಐದರಿಂದ ಏಳು ಆದರೆ ಮೇಲಿನ ಆರು ವಾರ ನಿಮಗಾಗಿ. ಐದಕ್ಕಿಂತ ಕಡಿಮೆಯಾದರೆ ಎಂಟನೇ ತರಗತಿಯ ಪುಸ್ತಕವನ್ನು ಅಟ್ಟದಿಂದ ಇಳಿಸಿ. ಯಾರಿಗೂ ಹೇಳಬೇಕಾಗಿಲ್ಲ. ಪುಸ್ತಕಕ್ಕೆ ನಿಮ್ಮ ತರಗತಿ ಗೊತ್ತಿಲ್ಲ.

ಉತ್ತರಗಳು: 1) −5/6. 2) ಯ² − 10ಯ + 25. 3) (ಯ − 4)(ಯ + 3). 4) (ಯ − 3)/ಯ. 5) 1/[ಯ(ಯ + 1)]. 6) ಯ = 0 ಅಥವಾ 7. 7) ಯ ≥ −4. 8) √5 + 2. 9) ಯ² + ಯ − 2. 10) (ಯ + 3)² − 7.